ಹಡಗಿನ ಬಾಲ್ಕನಿ ಕೋಣೆ: ಯಾವ ಡೆಕ್, ಯಾವ ಮಗ್ಗುಲು, ಯಾರಿಗೆ ಯಾವುದು

ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ಹಡಗುಗಳು ಬರುತ್ತವೆ. ಪ್ರಯಾಣಿಕರು ಬಸ್ ಹತ್ತಿ ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಹಿಂದಿರುಗುತ್ತಾರೆ. ಅಂಥ ಬಿಳಿ ಹಡಗು ಹೊರಡುವುದನ್ನು ಬೀಚಿನಲ್ಲಿ ನಿಂತು ನೋಡಿದ್ದೀರಾ? ಜೇನುಗೂಡಿನ ಹಾಗೆ ಸಾಲು ಸಾಲು ಬಾಲ್ಕನಿಗಳು. ದೂರದಿಂದ ಎಲ್ಲವೂ ಒಂದೇ ತರ ಕಾಣುತ್ತವೆ.

ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಸಿಂಗಾಪುರದಿಂದ ನಾಲ್ಕು ರಾತ್ರಿಯ ಪ್ರಯಾಣಕ್ಕೆ ಬುಕ್ ಮಾಡುವಾಗ "ಬಾಲ್ಕನಿ ಇರುವ ಕೋಣೆ ಕೊಡಿ" ಅಂತ ಮಾತ್ರ ಹೇಳಿದೆ. ಕೊಟ್ಟರು. ಹೋಗಿ ನೋಡಿದರೆ ನಮ್ಮ ನೆತ್ತಿಯ ಮೇಲೆಯೇ ಈಜುಕೊಳದ ಡೆಕ್, ಅಂದರೆ ಮಹಡಿ. ರಾತ್ರಿ ಹನ್ನೆರಡರವರೆಗೆ ಡ್ರಮ್ಮಿನ ಸದ್ದು. ಬೆಳಗಿನ ಜಾವ ಐದಕ್ಕೆ ಕುರ್ಚಿಗಳನ್ನು ಎಳೆದು ಸಾಲಾಗಿ ಇಡುವ ಸದ್ದು. ಜೊತೆಗಿದ್ದ ಅಮ್ಮ ನಾಲ್ಕು ರಾತ್ರಿಯೂ ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಅಮ್ಮನ ಮೊದಲ ಹಡಗು ಪ್ರಯಾಣ ಹಾಗಾಯಿತಲ್ಲ ಅನ್ನುವ ಬೇಸರ ನನಗೆ ಇನ್ನೂ ಇದೆ.

ಊರಿಗೆ ಬಂದು ಪಕ್ಕದ ಮನೆಯ ಅಣ್ಣನ ಹತ್ತಿರ ಹೇಳಿಕೊಂಡೆ. ಅವರು ಹದಿನಾಲ್ಕು ವರ್ಷ ಶಿಪ್ಪಿನಲ್ಲಿದ್ದವರು. ಕೋಣೆ ಸ್ವಚ್ಛ ಮಾಡುವ ಕೆಲಸದಿಂದ ಶುರುಮಾಡಿ ಆ ವಿಭಾಗದ ಸೂಪರ್‌ವೈಸರ್ ಆದವರು. ನಮ್ಮ ಕಡೆ ಹುಡುಕಿದರೆ ಇಂಥವರು ಒಬ್ಬರಾದರೂ ಸಿಗುತ್ತಾರೆ ಅಲ್ವಾ. ಅವರು ಹೇಳಿದರು, "ನೀವು ಕೋಣೆಯ ಫೋಟೋ ನೋಡಿದ್ರಿ. ಅದರ ಮೇಲೆ ಎಂತ ಉಂಟು, ಕೆಳಗೆ ಎಂತ ಉಂಟು ಅಂತ ನೋಡ್ಲಿಲ್ಲ ಮಾರಾಯ್ರೆ."

ಆ ಮಾತು ಹಿಡಿದುಕೊಂಡೇ ಮುಂದಿನ ಎರಡು ಪ್ರಯಾಣಕ್ಕೆ ಕೋಣೆ ಆರಿಸಿದೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಬಾಲ್ಕನಿ ಬೇಕೇ ಬೇಕಾ?

ಎರಡು ರಾತ್ರಿಯ ಪ್ರಯಾಣಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವಂಥ ಚಿಕ್ಕ ಪ್ರಯಾಣದಲ್ಲಿ ಹತ್ತುವುದರಲ್ಲೇ ಮೊದಲ ದಿನ ಕಳೆಯುತ್ತದೆ. ಮರುದಿನ ಊರು ಸುತ್ತಬೇಕು, ಸಂಜೆಗೆ ಕಾರ್ಯಕ್ರಮ ನೋಡಬೇಕು. ಬಾಲ್ಕನಿಯಲ್ಲಿ ಕೂರುವುದು ಎಲ್ಲಾ ಸೇರಿ ಮೂರು ಗಂಟೆ ಆಗಬಹುದು, ಅಷ್ಟೇ. ಅದಕ್ಕೆ ದೊಡ್ಡ ಕಿಟಕಿ ಇರುವ ಕೋಣೆ ಸಾಕು. ಉಳಿದ ಹಣದಲ್ಲಿ ಗೋವಾದಲ್ಲಿ ಚೆನ್ನಾಗಿ ಮೀನೂಟ ಮಾಡಬಹುದು.

ಇನ್ನೊಂದು ಕಾರಣ ಹಡಗಿನ ವಯಸ್ಸು. ಮುಂಬೈಯಿಂದ 2021ರಲ್ಲಿ ಪ್ರಯಾಣ ಶುರುಮಾಡಿದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು. ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕೋಣೆಗಳು ಕಡಿಮೆ. 1984ರಲ್ಲಿ ರಾಯಲ್ ಪ್ರಿನ್ಸೆಸ್ ಅನ್ನುವ ಹಡಗಿನಲ್ಲಿ ಎಲ್ಲಾ ಕೋಣೆಗಳನ್ನೂ ಹೊರಗೋಡೆಯ ಕಡೆ ಇಟ್ಟು, ಹಲವಕ್ಕೆ ಬಾಲ್ಕನಿಯನ್ನೂ ಕೊಟ್ಟರು. ಅದು ಎಲ್ಲಾ ಕಡೆ ರೂಢಿಯಾಗಲು ಇನ್ನೂ ಹತ್ತಿಪ್ಪತ್ತು ವರ್ಷ ಹಿಡಿಯಿತು. ಹಾಗಾಗಿ ಹಳೆಯ ಹಡಗಾದರೆ ಬಾಲ್ಕನಿ ಬೇಗ ಖಾಲಿಯಾಗುತ್ತದೆ, ಆರಿಸಲು ಹೆಚ್ಚು ಉಳಿಯುವುದಿಲ್ಲ. ಹೊಸ ಹಡಗಾದರೆ ನೂರಾರು ಬಾಲ್ಕನಿಗಳು ಇರುತ್ತವೆ, ಆಗಲೇ ತಲೆಬಿಸಿ ಶುರು.

ನಾಲ್ಕು ರಾತ್ರಿ ಅಥವಾ ಜಾಸ್ತಿ ಇದ್ದರೆ, ಅದರಲ್ಲೂ ಇಡೀ ದಿನ ಕಡಲಲ್ಲೇ ಇರುವ ದಿನಗಳು ಇದ್ದರೆ, ಬಾಲ್ಕನಿ ತಗೊಳ್ಳಿ. ಮನೆಯ ಜಗಲಿಯಲ್ಲಿ ಚಹಾ ಹಿಡಿದು ಸುಮ್ನೆ ಮಳೆ ನೋಡುತ್ತಾ ಕೂರುವವರು ನೀವಾದರೆ ಕೊಟ್ಟ ಹಣ ವಸೂಲಾಗುತ್ತದೆ. ಮಕ್ಕಳ ಹಿಂದೆ ಈಜುಕೊಳ, ಆಟ, ಊಟ ಅಂತ ಓಡಾಡುವವರಿಗೆ ಆಗುವುದಿಲ್ಲ.

ನಕ್ಷೆಯಲ್ಲಿ ನೋಡಬೇಕಾದದ್ದು

ಪ್ರತಿ ಹಡಗಿಗೂ ಡೆಕ್ ಪ್ಲಾನ್ ಇರುತ್ತದೆ. ಒಂದೊಂದು ಮಹಡಿಯ ನಕ್ಷೆ. ಕಂಪನಿಯ ಜಾಲತಾಣದಲ್ಲೇ ಸಿಗುತ್ತದೆ. ನಿಮ್ಮ ಕೋಣೆಯ ನಂಬರು ಹುಡುಕಿ. ಆಮೇಲೆ ಮೇಲಿನ ಡೆಕ್ಕಿನ ನಕ್ಷೆ ತೆಗೆದು ಅದೇ ಜಾಗದಲ್ಲಿ ಏನಿದೆ ನೋಡಿ. ಕೆಳಗಿನ ಡೆಕ್ಕಿನದ್ದನ್ನೂ ನೋಡಿ. ಮೇಲೂ ಕೋಣೆ, ಕೆಳಗೂ ಕೋಣೆ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಮಲಗುವವರ ಮಧ್ಯೆ ಮಲಗುವುದೇ ನೆಮ್ಮದಿ.

ಮೇಲೆ ಈಜುಕೊಳ, ಬಫೆ ಊಟದ ಹಾಲ್, ಜಿಮ್ ಇದ್ದರೆ ಬಿಡಿ. ಊಟದ ಹಾಲಿನ ಗಾಡಿಗಳ ಚಕ್ರದ ಸದ್ದು ಕೆಳಗೆ ಗುಡುಗಿನ ಹಾಗೆ ಕೇಳುತ್ತದೆ. ಕೆಳಗೆ ನಾಟಕದ ಹಾಲ್, ಡಾನ್ಸ್ ಕ್ಲಬ್ ಇದ್ದರೂ ಬಿಡಿ. ನಕ್ಷೆಯಲ್ಲಿ ಏನೂ ಬರೆಯದೆ ಖಾಲಿ ಬಿಟ್ಟ ಜಾಗಗಳಿರುತ್ತವೆ. ಅವನ್ನು ಕಂಡರೆ ಜಾಸ್ತಿ ಎಚ್ಚರ ಬೇಕು. ಅಡುಗೆಮನೆ, ಕೆಲಸದವರ ಓಣಿ, ಸಾಮಾನು ಇಡುವ ಕೋಣೆ, ಯಂತ್ರದ ಕೋಣೆ ಇವೆಲ್ಲ ಇರುವುದು ಅಲ್ಲೇ. ಆ ಅಣ್ಣ ಹೇಳಿದ್ದು, ಅವರ ಸಿಬ್ಬಂದಿ ಬೆಳಗ್ಗೆ ಬೇಗ ಬಾಗಿಲು ತೆಗೆದು ಗಾಡಿ ದೂಡುವುದು ಆ ಖಾಲಿ ಜಾಗಗಳಿಂದಲೇ ಅಂತ. ಲಿಫ್ಟಿನ ಪಕ್ಕ ಬೇಡ, ಆದರೆ ತೀರಾ ದೂರವೂ ಬೇಡ. ದೊಡ್ಡ ಹಡಗು 300 ಮೀಟರಿಗಿಂತ ಉದ್ದ ಇರುತ್ತದೆ. ಮಂಡಿನೋವು ಇರುವವರಿಗೆ ಆ ಓಣಿಯೇ ಒಂದು ಪ್ರಯಾಣ. ಲಿಫ್ಟಿನಿಂದ ಆರೇಳು ಬಾಗಿಲು ದಾಟಿದ ಕೋಣೆ ಸರಿಯಾಗುತ್ತದೆ.

ಇನ್ನು ಎರಡು ಕೋಣೆಗಳ ನಡುವೆ ಬಾಗಿಲು ಇರುವ ಕೋಣೆಗಳು. ಎರಡು ಮನೆಯವರು ಒಟ್ಟಿಗೆ ಹೋದರೆ ಬಹಳ ಒಳ್ಳೆಯದು. ಪಕ್ಕದಲ್ಲಿ ಗುರುತಿಲ್ಲದವರು ಇದ್ದರೆ ಅವರ ಮಾತು, ಟಿವಿ, ಗೊರಕೆ ಎಲ್ಲವೂ ನಮ್ಮದೇ. ನಕ್ಷೆಯಲ್ಲಿ ಇದಕ್ಕೆ ಚಿಕ್ಕ ಗುರುತು ಹಾಕಿರುತ್ತಾರೆ, ಕೆಳಗಿನ ಸೂಚನೆ ಓದಿ.

ಮುಂದೆಯೋ, ನಡುವೆಯೋ, ಹಿಂದೆಯೋ?

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನಲ್ಲಿ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋಟಿನ ಮುಂದಿನ ತುದಿಯಲ್ಲಿ ಕೂತವರು ತೆರೆಗೆ ಮೇಲೆದ್ದು ಕೆಳಗೆ ಬೀಳುತ್ತಾರೆ. ನಡುವೆ ಕೂತವರಿಗೆ ಅಷ್ಟು ಗೊತ್ತಾಗುವುದಿಲ್ಲ. ತೂಗುವ ಏತದ ಮಧ್ಯಭಾಗ ಅಲ್ಲಾಡದ ಹಾಗೆ. ದೊಡ್ಡ ಹಡಗಿಗೂ ಇದೇ ಲೆಕ್ಕ. ತುದಿಗಳು ಜಾಸ್ತಿ ಏಳುತ್ತವೆ, ಬೀಳುತ್ತವೆ. ಎಡಕ್ಕೆ ಬಲಕ್ಕೆ ವಾಲುವುದು ಮೇಲಿನ ಡೆಕ್‌ಗಳಲ್ಲಿ ಜಾಸ್ತಿ ತಿಳಿಯುತ್ತದೆ. ಹಡಗಿನ ಹೊಟ್ಟೆಯ ಬದಿಗಳಲ್ಲಿ ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್‌ಗಳು ಇರುತ್ತವೆ. ಅವು ವಾಲುವುದನ್ನು ತಡೆಯುತ್ತವೆ. ಮುಂದೆ ಹಿಂದೆ ಏಳುವುದಕ್ಕೆ ಅವುಗಳಿಂದ ಹೆಚ್ಚು ಪ್ರಯೋಜನ ಇಲ್ಲ.

ಬೋಟಿನಲ್ಲಿ ಹೊಟ್ಟೆ ತೊಳಸುವವರು ಮನೆಯಲ್ಲಿ ಇದ್ದರೆ, ಹಡಗಿನ ಉದ್ದದಲ್ಲೂ ನಡು, ಎತ್ತರದಲ್ಲೂ ಆದಷ್ಟು ಕೆಳಗೆ ಇರುವ ಬಾಲ್ಕನಿ ಹುಡುಕಿ. ಬೆಲೆ ಸ್ವಲ್ಪ ಜಾಸ್ತಿ ಇದ್ದರೂ ಸರಿ. ತಾಜಾ ಗಾಳಿ, ಕಣ್ಣಿಗೆ ನೇರ ದಿಗಂತ, ಇವೆರಡು ಸಿಕ್ಕರೆ ತೊಳಸುವುದು ಬಹಳ ಕಡಿಮೆಯಾಗುತ್ತದೆ. ಅರಬ್ಬೀ ಸಮುದ್ರದಲ್ಲಿ ಯಾವ ತಿಂಗಳು ಅನ್ನುವುದಂತೂ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ಬೋಟುಗಳಿಗೇ ರಜೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಡಲು ಶಾಂತ.

ಮುಂಭಾಗದ ಬಾಲ್ಕನಿ ನನಗೆ ಇಷ್ಟವಿಲ್ಲ. ಹಡಗು ಓಡುವಾಗ ಗಾಳಿ ಮುಖಕ್ಕೆ ಹೊಡೆಯುತ್ತದೆ, ಎಷ್ಟೋ ಹೊತ್ತು ಕೂರಲಿಕ್ಕೇ ಆಗುವುದಿಲ್ಲ. ಕೆಳಗಿನ ಡೆಕ್ ಆದರೆ ಬಂದರಿಗೆ ಬರುವಾಗ ಲಂಗರಿನ ಸರಪಳಿಯ ಸದ್ದು, ಹಡಗನ್ನು ಪಕ್ಕಕ್ಕೆ ದೂಡುವ ಯಂತ್ರದ ಗುರ್ ಅನ್ನುವ ಸದ್ದು.

ಹಿಂಭಾಗದ ಬಾಲ್ಕನಿಯ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಕಡಿಮೆ. ಎರಡನೆಯ ಪ್ರಯಾಣ ನಾವು ದುಬೈಯಿಂದ ಮಾಡಿದ್ದು. ತಂಗಿ ಅಲ್ಲಿದ್ದಾಳೆ, ಮಂಗಳೂರಿನಿಂದ ನೇರ ವಿಮಾನ ಇದೆ. ನಾನು ಮತ್ತು ನಮ್ಮ ಯಜಮಾನರು ಹಡಗಿನ ಬಾಲದ ಕಡೆಯ ಕೋಣೆ ತಗೊಂಡೆವು. ಆ ಕಡೆ ಚಳಿಗಾಲದಲ್ಲಿ ಶಮಾಲ್ ಅನ್ನುವ ವಾಯವ್ಯದ ಗಾಳಿ ಬೀಸುತ್ತದೆ. ಹಡಗಿನ ಎಡ, ಬಲ ಮಗ್ಗುಲಿನ ಬಾಲ್ಕನಿಯವರು ಬಾಗಿಲು ಹಾಕಿ ಒಳಗೆ ಕೂತಿದ್ದರು. ನಮ್ಮದಕ್ಕೆ ಇಡೀ ಹಡಗೇ ಗೋಡೆಯಾಗಿ ನಿಂತಿತ್ತು. ಎದುರಿಗೆ ಹಡಗು ಬಿಟ್ಟುಬಂದ ಬಿಳಿ ನೊರೆಯ ದಾರಿ, ಉತ್ತಿಟ್ಟ ಗದ್ದೆಯ ಸಾಲಿನ ಹಾಗೆ ದಿಗಂತದವರೆಗೆ. ಎಡಕ್ಕೂ ನೋಡಬಹುದು, ಬಲಕ್ಕೂ ನೋಡಬಹುದು. ಯಜಮಾನರು ಮನೆಯಲ್ಲಿ ಹತ್ತು ನಿಮಿಷ ಒಂದು ಕಡೆ ಕೂರದವರು. ಅಲ್ಲಿ ಎರಡು ಗಂಟೆ ಮಾತಿಲ್ಲದೆ ಕೂತಿದ್ದರು.

ತೊಂದರೆಗಳೂ ಇವೆ. ಪ್ರೊಪೆಲ್ಲರ್ ಕೆಳಗೇ ಇರುವುದರಿಂದ ತಳದ ಡೆಕ್‌ಗಳಲ್ಲಿ ಮಂಚ ಸಣ್ಣಗೆ ನಡುಗುತ್ತದೆ. ಬಂದರಿನಲ್ಲಿ ತಿರುಗುವಾಗ ಇನ್ನೂ ಜಾಸ್ತಿ. ತೀರಾ ಮೇಲಾದರೆ ಕೆಲವೊಮ್ಮೆ ಹೊಗೆಕೊಳವೆಯ ಮಸಿ ಬೀಳುತ್ತದೆ. ಕೆಲವು ಹಡಗುಗಳಲ್ಲಿ ಹಿಂಭಾಗ ಮೆಟ್ಟಿಲಿನ ಹಾಗೆ ಇರುತ್ತದೆ, ಮೇಲಿನವರಿಗೆ ನಮ್ಮ ಬಾಲ್ಕನಿ ಪೂರ್ತಿ ಕಾಣುತ್ತದೆ. ಲಿಫ್ಟಿಗೆ ದೂರ. ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ನಾನು ಇದನ್ನು ತಗೊಳ್ಳುವುದಿಲ್ಲ. ಇಬ್ಬರೇ ಹೋಗುವುದಾದರೆ ಬೇರೆ ಯೋಚನೆಯೇ ಮಾಡುವುದಿಲ್ಲ, ಹಿಂಭಾಗದ ನಡು ಡೆಕ್.

ಎತ್ತರದ ವಿಷಯದಲ್ಲಿ ನನ್ನ ಅನುಭವ ಕಂಪನಿಯವರ ಬೆಲೆಪಟ್ಟಿಗೆ ಉಲ್ಟಾ. ಮೇಲೆ ಹೋದಷ್ಟೂ ದರ ಏರುತ್ತದೆ. ಆದರೆ ಹದಿಮೂರನೇ ಡೆಕ್ಕಿನಿಂದ ಕಡಲು ನೀಲಿ ಬಟ್ಟೆ ಹಾಸಿದ ಹಾಗೆ ಕಾಣುತ್ತದೆ, ಅಷ್ಟೇ. ಕೆಳಗಿನ ಬಾಲ್ಕನಿಯಲ್ಲಿ ತೆರೆ ಒಡೆಯುವ ಸದ್ದು ಕೇಳುತ್ತದೆ, ಉಪ್ಪಿನ ವಾಸನೆ ಬರುತ್ತದೆ, ಹಾರುವ ಮೀನುಗಳು ನೀರಿನಿಂದ ಚಿಮ್ಮಿ ಮತ್ತೆ ಮುಳುಗುವುದು ಕಣ್ಣಿಗೆ ಸಿಗುತ್ತದೆ. ಕಡಲ ಬದಿಯಲ್ಲಿ ಬೆಳೆದವಳಿಗೆ ಅದೇ ಬೇಕಿತ್ತು.

ಬಾಲ್ಕನಿ ಅಂದರೆ ಎಲ್ಲವೂ ಬಾಲ್ಕನಿ ಅಲ್ಲ

ಕಟಕಟೆ ಗಾಜಿನದಾ, ಉಕ್ಕಿನದಾ ಅಂತ ಮೊದಲು ಕೇಳಿ. ಗಾಜಿನದಾದರೆ ಕುರ್ಚಿಯಲ್ಲಿ ಕೂತೇ ನೀರು ಕಾಣುತ್ತದೆ. ಕೆಳಗಿನ ಡೆಕ್‌ಗಳಲ್ಲಿ, ಮುಂಭಾಗದಲ್ಲಿ ಎಷ್ಟೋ ಕಡೆ ಎದೆಮಟ್ಟದ ಉಕ್ಕಿನ ಗೋಡೆ ಇರುತ್ತದೆ. ನಿಂತರೆ ಮಾತ್ರ ಕಡಲು, ಕೂತರೆ ಬಿಳಿ ಗೋಡೆ. ನೆರಳು ಜಾಸ್ತಿ, ಗಾಳಿ ಕಡಿಮೆ, ದರವೂ ಕಡಿಮೆ ಅನ್ನುವುದು ನಿಜ. ಆದರೂ ಕೂತು ನೋಡಲಿಕ್ಕೆ ತಾನೇ ಬಾಲ್ಕನಿ ತಗೊಳ್ಳುವುದು.

ನೋಟಕ್ಕೆ ಅಡ್ಡ ಇರುವ ಬಾಲ್ಕನಿ ಅಂತ ಅಗ್ಗಕ್ಕೆ ಕೊಡುತ್ತಾರೆ. ಅಡ್ಡ ಇರುವುದು ಹೆಚ್ಚಾಗಿ ಲೈಫ್‌ಬೋಟ್. ಅದು ಕಣ್ಣಿನ ಮಟ್ಟದಲ್ಲಿದ್ದರೆ ನಾಲ್ಕು ದಿನ ಕಿತ್ತಳೆ ಬಣ್ಣದ ಛಾವಣಿ ನೋಡುತ್ತಾ ಕೂರಬೇಕು. ಅದು ಒಂದು ಡೆಕ್ ಕೆಳಗಿದ್ದು, ಬಗ್ಗಿ ನೋಡಿದರೆ ಮಾತ್ರ ಕಾಣುವುದಾದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಎರಡು ಬೋಟುಗಳ ನಡುವಿನ ಸಂದಿಗೆ ಬರುವ ಕೋಣೆಯೂ ಪರವಾಗಿಲ್ಲ. ಆ ನಂಬರಿನ ಕೋಣೆಯ ನಿಜವಾದ ಫೋಟೋ ನೋಡದೆ ತಗೊಳ್ಳಬೇಡಿ.

ರಾಯಲ್ ಕೆರಿಬಿಯನ್ ಕಂಪನಿಯ ಓಯಸಿಸ್ ಆಫ್ ದ ಸೀಸ್ 2009ರಲ್ಲಿ ಬಂದಾಗ ಒಳಮುಖದ ಬಾಲ್ಕನಿ ಅನ್ನುವುದು ಬಂತು. ಹಡಗಿನ ನಡುವೆ ಗಿಡಮರ ಬೆಳೆಸಿದ ಅಂಗಳ, ಅದರ ಕಡೆಗೆ ಬಾಲ್ಕನಿ. ನಮ್ಮ ಹಳೆಯ ತೊಟ್ಟಿಮನೆಯ ಉಪ್ಪರಿಗೆಯಿಂದ ಅಂಗಳ ನೋಡಿದ ಹಾಗೆ. ಗಾಳಿಯ ಕಾಟ ಇಲ್ಲ, ಜನರ ಓಡಾಟ ನೋಡಬಹುದು. ಆದರೆ ಕಡಲು ಕಾಣುವುದಿಲ್ಲ, ಎದುರಿನವರಿಗೆ ನಮ್ಮ ಕೋಣೆ ಕಾಣುತ್ತದೆ. ಕಡಲು ನೋಡಲು ಹೋಗುವವರಿಗೆ ಬೇಡ.

ಸೆಲೆಬ್ರಿಟಿ ಎಜ್ ಅನ್ನುವ ಹಡಗು 2018ರಲ್ಲಿ ಇನ್ನೊಂದು ರೀತಿ ತಂದಿತು. ಪ್ರತ್ಯೇಕ ಬಾಲ್ಕನಿ ಇಲ್ಲ. ಕೋಣೆಯ ತುದಿಯ ದೊಡ್ಡ ಗಾಜಿನ ಮೇಲಿನ ಅರ್ಧ, ಗುಂಡಿ ಒತ್ತಿದರೆ ಕೆಳಗಿಳಿಯುತ್ತದೆ. ಕೋಣೆ ದೊಡ್ಡದಾಗುತ್ತದೆ. ಮಳೆ ಬಂದರೂ ಆ ಜಾಗ ಉಪಯೋಗಕ್ಕೆ ಬರುತ್ತದೆ. ಕಾಲು ಹೊರಗಿಟ್ಟು ಆಕಾಶದ ಕೆಳಗೆ ನಿಲ್ಲುವ ಸುಖ ಮಾತ್ರ ಇದರಲ್ಲಿ ಸಿಗಲಾರದು.

ಇವುಗಳಲ್ಲಿ ಒಂದು ಗುಟ್ಟಿನ ಜಾಗ ಇದೆ. ಹಲವು ಹಡಗುಗಳ ಪಕ್ಕದ ಗೋಡೆ ನೇರ ಇರುವುದಿಲ್ಲ, ನಡುವಿನಲ್ಲಿ ಸ್ವಲ್ಪ ಹೊರಗೆ ಉಬ್ಬಿರುತ್ತದೆ. ಆ ಉಬ್ಬು ಶುರುವಾಗುವ ಮತ್ತು ಮುಗಿಯುವ ಓರೆಯಲ್ಲಿರುವ ಬಾಲ್ಕನಿಗಳು ದೊಡ್ಡದಿರುತ್ತವೆ, ಹಡಗಿನ ಉದ್ದಕ್ಕೂ ನೋಟ ಸಿಗುತ್ತದೆ. ಕೆಲವು ಕಡೆ ದರ ಮಾಮೂಲಿಯದ್ದೇ. ಬೇಗ ಬುಕ್ ಮಾಡುವವರಿಗೆ ಸಿಗುತ್ತದೆ.

ಜಾಹೀರಾತಿನಲ್ಲಿ ಕೊಡುವ ಚದರಡಿಯಲ್ಲಿ ಬಾಲ್ಕನಿಯೂ ಸೇರಿದೆಯಾ ಅಂತ ಬಿಡಿಸಿ ಕೇಳಿ. ಮಾಮೂಲಿ ಬಾಲ್ಕನಿ ಅಂದರೆ ಎರಡು ಕುರ್ಚಿ, ಒಂದು ಪುಟ್ಟ ಮೇಜು ಹಿಡಿಯುವಷ್ಟೇ ಜಾಗ. ಕಾಲು ಚಾಚಿ ಮಲಗುವ ಆಸನ ಎಲ್ಲದರಲ್ಲೂ ಇರುವುದಿಲ್ಲ.

ಹಿರಿಯರು, ಮಕ್ಕಳು ಇದ್ದರೆ

ಬಾಲ್ಕನಿಯ ಬಾಗಿಲಿಗೆ ಎತ್ತರದ ಹೊಸ್ತಿಲು ಇರುತ್ತದೆ. ನೀರು ಒಳಗೆ ಬರಬಾರದು ಅಂತ ಇಟ್ಟಿದ್ದು. ಅಮ್ಮ ಮೊದಲ ದಿನ ಎಡವಿದ್ದು ಅಲ್ಲೇ. ಗಾಲಿಕುರ್ಚಿಯವರಿಗೆ ಅಂತ ಮಾಡಿದ ಕೋಣೆಗಳಲ್ಲಿ ಹೊಸ್ತಿಲಿಗೆ ಇಳಿಜಾರು ಇರುತ್ತದೆ, ಬಾಗಿಲೂ ಅಗಲ. ನಿಜವಾಗಿ ಬೇಕಾದವರು ಮೊದಲೇ ಹೇಳಿ ತಗೊಳ್ಳಿ. ಮಂಚ ಎಲ್ಲಿದೆ ಅಂತಲೂ ಕೇಳಿ. ಹಲವು ಹಡಗುಗಳಲ್ಲಿ ಒಂದು ಕೋಣೆಯ ಮಂಚ ಬಾಲ್ಕನಿಯ ಕಡೆ ಇದ್ದರೆ, ಪಕ್ಕದ ಕೋಣೆಯದ್ದು ಬಚ್ಚಲಿನ ಕಡೆ ಇರುತ್ತದೆ. ರಾತ್ರಿ ಎರಡು ಮೂರು ಸಲ ಏಳುವ ಹಿರಿಯರಿಗೆ ಬಚ್ಚಲಿನ ಕಡೆಯದ್ದೇ ಅನುಕೂಲ.

ಮಕ್ಕಳಿದ್ದರೆ ಕೋಣೆಗೆ ಕಾಲಿಟ್ಟ ಕೂಡಲೇ ಬಾಲ್ಕನಿಯ ಕುರ್ಚಿ, ಮೇಜು ಕಟಕಟೆಯಿಂದ ದೂರ ಎಳೆದಿಡಿ. ಮಗು ಹತ್ತುವುದು ಅವುಗಳ ಮೇಲೇ. ಬಾಗಿಲಿನ ಚಿಲಕ ಮಕ್ಕಳ ಕೈಗೆ ಎಟುಕುತ್ತದಾ ನೋಡಿ. ಮಗು ಬಾಲ್ಕನಿಯಲ್ಲಿ ಇರುವಾಗ ದೊಡ್ಡವರು ಒಬ್ಬರು ಅಲ್ಲೇ ಇರಬೇಕು, ಫೋನ್ ಇಲ್ಲದೆ. ಇನ್ನೊಂದು, ಓಣಿಯ ಬಾಗಿಲು ಮತ್ತು ಬಾಲ್ಕನಿಯ ಬಾಗಿಲು ಒಟ್ಟಿಗೆ ತೆರೆದರೆ ಗಾಳಿ ನುಗ್ಗಿ ಬಾಗಿಲು ರಪ್ಪನೆ ಬಡಿಯುತ್ತದೆ. ಬೆರಳು ಸಿಕ್ಕಿಕೊಂಡರೆ ಪ್ರವಾಸ ಅಲ್ಲಿಗೇ ಮುಗಿಯಿತು. ಬಾಲ್ಕನಿಯ ಬಾಗಿಲು ತೆರೆದಿಟ್ಟರೆ ಹಲವು ಹಡಗುಗಳಲ್ಲಿ ಎಸಿ ತಾನಾಗಿ ನಿಲ್ಲುತ್ತದೆ. ಕೆಟ್ಟಿದೆ ಅಂತ ದೂರು ಕೊಡುವ ಮೊದಲು ಬಾಗಿಲು ನೋಡಿ.

ಎರಡು ಮೂರು ಸಂಸಾರ ಒಟ್ಟಿಗೆ ಹೋಗುವುದಾದರೆ ಪಕ್ಕಪಕ್ಕದ ಬಾಲ್ಕನಿ ತಗೊಳ್ಳಿ. ನಡುವಿನ ಅಡ್ಡಪಟ್ಟಿಯನ್ನು ಹಲವು ಹಡಗುಗಳಲ್ಲಿ ಕೋಣೆ ನೋಡಿಕೊಳ್ಳುವವರು ತೆಗೆದುಕೊಡುತ್ತಾರೆ. ಎಲ್ಲರಿಗೂ ಸೇರಿ ಉದ್ದದ ಒಂದು ಜಗಲಿ ಆಗುತ್ತದೆ.

ಬಾಲ್ಕನಿಯಲ್ಲಿ ಸಿಗರೇಟು ಸೇದುವುದನ್ನು ಈಗ ಹೆಚ್ಚಿನ ಕಂಪನಿಗಳು ನಿಷೇಧಿಸಿವೆ. ಇದು ಸುಮ್ನೆ ಮಾಡಿದ ನಿಯಮ ಅಲ್ಲ. 2006ರ ಮಾರ್ಚ್‌ನಲ್ಲಿ ಕೆರಿಬಿಯನ್ ಕಡಲಿನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಹತ್ತಿ ಸಾಲು ಸಾಲು ಕೋಣೆಗಳಿಗೆ ಹಬ್ಬಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣ ಇರಬೇಕು ಅಂತ ತನಿಖೆ ಹೇಳಿತು. ಪಕ್ಕದವರು ಸೇದುವುದು ಕಂಡರೆ ಸಂಕೋಚ ಬೇಡ, ಸಿಬ್ಬಂದಿಗೆ ಹೇಳಿ. ಒದ್ದೆ ಬಟ್ಟೆಯನ್ನೂ ಕಟಕಟೆಗೆ ಹಾಕಬೇಡಿ. ಊದುಬತ್ತಿ, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಇರಲಿ.

ಬುಕ್ ಮಾಡುವಾಗ

ಗ್ಯಾರಂಟಿ ಕ್ಯಾಬಿನ್ ಅಂತ ಒಂದು ದರ ಇರುತ್ತದೆ. ಬಾಲ್ಕನಿ ಸಿಗುವುದು ಖಂಡಿತ, ಯಾವ ಬಾಲ್ಕನಿ ಅನ್ನುವುದನ್ನು ಕಂಪನಿ ಕೊನೆಗೆ ತೀರ್ಮಾನ ಮಾಡುತ್ತದೆ. ಅಗ್ಗ. ಯಾವ ಸದ್ದಿಗೂ ಏಳದ ಗಟ್ಟಿ ನಿದ್ದೆಯ ಯುವಕರಿಗೆ ಸರಿ. ಹಿರಿಯರಿದ್ದರೆ ಬೇಡವೇ ಬೇಡ, ನಂಬರು ಆರಿಸಿಯೇ ಬುಕ್ ಮಾಡಿ. ಹಾಗೆ ಆರಿಸಿದ ಮೇಲೆ "ಮೇಲಿನ ದರ್ಜೆಗೆ ಉಚಿತವಾಗಿ ಬದಲಾಯಿಸಿ ಕೊಡುತ್ತೇವೆ" ಅಂತ ಕರೆ ಬಂದರೆ ಕೂಡಲೇ ಒಪ್ಪಬೇಡಿ. ಹೊಸ ನಂಬರು ಕೇಳಿ, ನಕ್ಷೆ ತೆರೆದು ಮೇಲೆ ಕೆಳಗೆ ನೋಡಿ, ಆಮೇಲೆ ಹೇಳಿ.

ಕೊನೆಯದು ಎಡವೋ ಬಲವೋ ಅನ್ನುವುದು. ಹೊರಟ ಬಂದರಿಗೇ ಅದೇ ದಾರಿಯಲ್ಲಿ ವಾಪಸ್ ಬರುವುದಾದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಹೋಗುವಾಗ ಸಿಗದ್ದು ಬರುವಾಗ ಸಿಗುತ್ತದೆ. ಒಂದೇ ದಿಕ್ಕಿನ ಪ್ರಯಾಣವಾದರೆ ಯೋಚನೆ ಮಾಡಲೇಬೇಕು. ಸಿಂಗಾಪುರದಿಂದ ಪೆನಾಂಗ್ ಕಡೆ ಹೋಗುವಾಗ ಮಲೇಷ್ಯಾದ ದಡ ಬಲಕ್ಕೆ, ಸೂರ್ಯ ಮುಳುಗುವುದು ಎಡಕ್ಕೆ. ಮುಂಬೈಯಿಂದ ದಕ್ಷಿಣಕ್ಕೆ ಬರುವಾಗ ದಡ ಎಡಕ್ಕೆ, ಸಂಜೆಯ ಸೂರ್ಯ ಬಲಕ್ಕೆ. ಬಲ ಮಗ್ಗುಲಿನವರಿಗೆ ಮಧ್ಯಾಹ್ನ ಮೂರರ ಮೇಲೆ ಬಿಸಿಲು ಜೋರಾಗಿ ಹೊಡೆಯುತ್ತದೆ. ಬೆಳಗ್ಗಿನ ಎಳೆಬಿಸಿಲು ಎಡದವರಿಗೆ. ನಂಬರು ನೋಡಿ ಮಗ್ಗುಲು ಹೇಳುವ ಲೆಕ್ಕ ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ, ನಕ್ಷೆಯಲ್ಲೇ ಖಾತ್ರಿ ಮಾಡಿಕೊಳ್ಳಿ. ಹಡಗಿನ ಮೂತಿಯ ಕಡೆಗೆ ಮುಖ ಮಾಡಿ ನಿಂತಾಗ ಎಡಗೈ ಇರುವುದೇ ಎಡ ಮಗ್ಗುಲು.

ಮೂರನೆಯ ಪ್ರಯಾಣ ನಾವು ಮಾಡಿದ್ದು ಮುಂಬೈಯಿಂದ ಕೊಚ್ಚಿಗೆ. ಅಮ್ಮ ಜೊತೆಗಿದ್ದರು. ಹಡಗಿನ ನಡು, ಕೆಳಗಿನ ಡೆಕ್, ಮೇಲೆ ಕೋಣೆ, ಕೆಳಗೂ ಕೋಣೆ. ಯಜಮಾನರು ಸೂರ್ಯಾಸ್ತಕ್ಕೆ ಅಂತ ಬಲ ಮಗ್ಗುಲು ಕೇಳಿದ್ದರು. ನಾನು ಎಡವನ್ನೇ ಹಿಡಿದೆ. ಸೂರ್ಯ ಕಡಲಲ್ಲಿ ಮುಳುಗುವುದನ್ನು ಮಲ್ಪೆಯಲ್ಲಿ ದಿನಾ ನೋಡಬಹುದಲ್ಲ. ಗೋವಾ ದಾಟಿ ರಾತ್ರಿಯಾದ ಮೇಲೆ ಅಮ್ಮ ಶಾಲು ಹೊದ್ದು ಬಾಲ್ಕನಿಯಲ್ಲಿ ಕೂತರು. ದೂರದಲ್ಲಿ ಮೀನಿನ ಬೋಟುಗಳ ದೀಪ, ಒಂದು, ಎರಡು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. "ಇದು ನಮ್ಮ ಮಲ್ಪೆಯವರದ್ದೇ ಇರಬೇಕು" ಅಂದರು. ಒಳಗೆ ಹೋಗಿ ಮಲಗಿ ಅಂದರೆ ಕೇಳಲಿಲ್ಲ. ಹನ್ನೊಂದರವರೆಗೆ ಅಲ್ಲೇ ಕೂತು, ಆಮೇಲೆ ಬೆಳಗಾಗುವವರೆಗೆ ನಿದ್ದೆ ಮಾಡಿದರು.